ಇಳಿಜಾರಿನಲ್ಲಿ ನಿಲ್ಲುವ ಸೈಕಲ್ಲು

ಯಂತ್ರಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಉತ್ತರಹಳ್ಳಿಯ ನಮ್ಮ ಮನೆಯಲ್ಲಿ ಸಂಪಿನ ಮೋಟಾರು ಕೈಕೊಟ್ಟರೆ ಸ್ಟಾರ್ಟರ್ ಡಬ್ಬಿ ಬಿಚ್ಚುವವಳು ನಾನು. ಮಹಡಿಯ ಬಾಡಿಗೆ ಮನೆಗಳ ಗೀಸರು, ಮಿಕ್ಸಿ, ಬಾಗಿಲ ಬೀಗ ಯಾವುದು ಕೆಟ್ಟರೂ ಮೊದಲು ಕೂಗುವುದು ನನ್ನನ್ನೇ. ನಮ್ಮ ಯಜಮಾನರದು ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡು ಸಲಹೆ ಕೊಡುವ ಇಲಾಖೆ. ಹಾಗಾಗಿ ಅವರ ಬಲ ಮಂಡಿಯ ಆಪರೇಷನ್ ಆದ ಮೇಲೆ ಮನೆಗೆ ಬಂದ ವ್ಯಾಯಾಮದ ಸೈಕಲ್ಲನ್ನು ಡಬ್ಬದಿಂದ ತೆಗೆದು ನಟ್ಟು ಬೋಲ್ಟು ಬಿಗಿದು ನಿಲ್ಲಿಸಿದ್ದೂ ನಾನೇ. ಒಂದು ಬೋಲ್ಟೂ ಮಿಗಲಿಲ್ಲ.

ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಲೆಕ್ಕಾಚಾರ ಸರಳವಾಗಿ ಹೇಳಿದ್ದಳು. "ಆಂಟಿ, ಸೀಟು ಫುಲ್ ಮೇಲಿಟ್ಟು ಶುರು ಮಾಡ್ಸಿ. ಮಂಡಿ ಬಗ್ತಾ ಬಗ್ತಾ ಒಂದೊಂದೇ ತೂತು ಕೆಳಗಿಳ್ಸಿ. ಸೀಟು ಕೆಳಗೆ ಬಂದಷ್ಟೂ ಮಂಡಿ ಜಾಸ್ತಿ ಬಗ್ಗುತ್ತೆ." ಸೀಟಿನ ಕಂಬದಲ್ಲಿ ಸಾಲಾಗಿ ತೂತುಗಳಿದ್ದವು. ಸೀಟು ಎಲ್ಲಕ್ಕಿಂತ ಮೇಲೆ ನಿಲ್ಲುವ ತೂತಿಗೆ ಪಿನ್ನು ಹಾಕಿದೆ. ಅದು ಅಲ್ಲೇ ಕೂತುಬಿಟ್ಟಿತು.

ಯಾಕೆಂದರೆ ಇವರು ತುಳಿಯುತ್ತಿರಲಿಲ್ಲ. ಹತ್ತಿ ಕೂರುವುದು, ನಾಲ್ಕು ಸುತ್ತು ತುಳಿಯುವುದು, ಎದುರಿನ ಗೋಡೆಯನ್ನು ದುರುಗುಟ್ಟಿ ನೋಡುವುದು, ಇಳಿಯುವುದು. "ಎಷ್ಟು ತುಳಿದ್ರೂ ಅಲ್ಲೇ ಇದೀನಲ್ಲೇ! ಇದೇನ್ ಸೈಕಲ್ಲಾ?" ಟಿ.ವಿ. ಹಾಕಿ ಕೂರಿಸಿದೆ. ಅಲ್ಲಿ ಚರ್ಚೆ ಬಿಸಿಯಾದ ಕೂಡಲೇ ಇವರ ಕಾಲು ನಿಂತು ಬಾಯಿ ಶುರುವಾಗುತ್ತಿತ್ತು. ಮದುವೆಗೆ ಮುಂಚೆ ಹೊಲದ ಸೊಪ್ಪು ಕಟ್ಟಿಕೊಂಡು ಉತ್ತರಹಳ್ಳಿಯಿಂದ ಜಯನಗರದ ಮಾರ್ಕೆಟ್ಟಿಗೆ ದಿನಾ ಸೈಕಲ್ ತುಳಿದ ಮನುಷ್ಯ ಇವರು. ಈಗ ಆ ಹೊಲದ ಮೇಲೆ ನಮ್ಮ ಬಾಡಿಗೆ ಮನೆಗಳಿವೆ. ಗೋಡೆ ನೋಡುತ್ತಾ ತುಳಿ ಎಂದರೆ ಅವರಿಗೆ ಅವಮಾನವಾದಂತೆ ಆಗುತ್ತಿತ್ತೇನೋ. ನನಗೆ ಅರ್ಥವಾಗುತ್ತಿತ್ತು, ಆದರೆ ಮಂಡಿಗೆ ಅರ್ಥವಾಗಬೇಕಲ್ಲ.

ತೋರಿಸಲು ಹೋದಾಗ ಡಾಕ್ಟರು ಕಾಲನ್ನು ಹಿಡಿದು ಬಗ್ಗಿಸಿ ನೋಡಿ ತಲೆ ಅಲ್ಲಾಡಿಸಿದರು. "ಇಷ್ಟು ಸಾಲ್ದಮ್ಮ. ಮುಂದಿನ ಸಲ ಬರೋಷ್ಟರಲ್ಲಿ ಬಗ್ಗದೇ ಇದ್ರೆ ಮತ್ತೆ ಅನಸ್ತೇಶಿಯಾ ಕೊಟ್ಟು ನಾವೇ ಬಗ್ಗಿಸ್ಬೇಕಾಗುತ್ತೆ." ಇವರು ನಕ್ಕು ತಲೆಯಾಡಿಸಿದರು. ನನಗೆ ನಗು ಬರಲಿಲ್ಲ.

ಮಂಡಿಯ ಆಪರೇಷನ್ನಿನ ದಿನ ಅವರಿಗೆ ನೆನಪಿಲ್ಲ, ನನಗಿದೆ. ಎಚ್ಚರವಾದ ಮೇಲೆ ಬಹಳ ಹೊತ್ತು ಅವರು ನನ್ನನ್ನು ಗುರುತಿಸಲಿಲ್ಲ. ಕೈ ಹಿಡಿದುಕೊಂಡಿದ್ದ ನನ್ನನ್ನೇ ನೋಡಿ, "ಯಾರಮ್ಮ ನೀವು, ನಮ್ ಮನೆಯೋರ್ನ ಕರೀರಿ" ಅಂದರು. ಔಷಧಿಯ ಅಮಲು, ಇಳಿಯುತ್ತದೆ ಎಂದು ನರ್ಸು ಸಮಾಧಾನ ಹೇಳಿದಳು. ಇಳಿಯಿತು. ಆದರೆ ಅದು ಇಳಿಯುವ ತನಕ ನಾನು ಆ ಮಂಚದ ಪಕ್ಕ ಹೇಗೆ ನಿಂತಿದ್ದೆ ಎಂಬುದು ನನಗೆ ಗೊತ್ತು. ಇನ್ನೊಂದು ಸಲ ಇವರನ್ನು ಆ ಬಾಗಿಲೊಳಗೆ ಕಳಿಸುವುದಿಲ್ಲ ಎಂದು, ಡಾಕ್ಟರ ಮಾತು ಕೇಳಿ ಇಳಿದು ಬರುವಾಗಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿರ್ಧರಿಸಿದೆ. ನಾನು ನಿರ್ಧರಿಸಿದರೆ ಆಯಿತು.

ದಾರಿ ಸಿಕ್ಕಿದ್ದು ಮಹಡಿಯ ಮೇಲೆ. ಬಾಗಲಕೋಟೆ ಕಡೆಯಿಂದ ಬಂದು ಬಿ.ಟಿ.ಎಂ. ಲೇಔಟಿನ ಆಫೀಸೊಂದರಲ್ಲಿ ಕೆಲಸ ಮಾಡುವ ಹೆಂಗಸು ನಮ್ಮ ಬಾಡಿಗೆದಾರಳು. ಅವಳಿಗೆ ಆಫೀಸಿನಲ್ಲಿ ಬಹುಮಾನವಾಗಿ ಒಂದು ವಿ.ಆರ್. ಹೆಡ್‌ಸೆಟ್ ಸಿಕ್ಕಿತ್ತು. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯದೇ ಜಗತ್ತು ಕಾಣಿಸುವ ದಪ್ಪನೆಯ ಕನ್ನಡಕ. "ನನಗ ಅದನ್ ಹಾಕ್ಕೊಂಡ್ರ ತಲಿ ತಿರಗ್ತದ್ರೀ ಆಂಟಿ. ಡಬ್ಬ್ಯಾಗ ಇಟ್ಟುಬಿಟ್ಟೇನಿ. ಮಂದಿ ಇದನ್ ಕಟ್ಕೊಂಡು ಮನಿಯೊಳಗ ಸೈಕಲ್ ಹೊಡೀತಾರಂತ, ಎದುರಿಗೆ ರೋಡು, ಗುಡ್ಡ ಎಲ್ಲಾ ಕಾಣ್ತಾವಂತ. ನೀವ ಒಯ್ರಿ, ಅಂಕಲ್‌ಗ ಹಾಕಿ ನೋಡ್ರಿ."

ಫಿಸಿಯೋ ಹುಡುಗಿಯನ್ನು ಕೇಳಿದೆ. ಕೂತು ಮಾಡುವುದಾದ್ದರಿಂದ ತೊಂದರೆಯಿಲ್ಲ, ಆದರೆ ಪಕ್ಕದಲ್ಲಿ ನೀವಿರಬೇಕು ಅಂದಳು. ನಾನು ಇನ್ನೆಲ್ಲಿಗೆ ಹೋಗಲಿ? ಹೆಡ್‌ಸೆಟ್ ಕೆಳಗೆ ತಂದೆ.

ಆಗ ಶುರುವಾಯಿತು ನೋಡಿ ನಿಜವಾದ ಕೆಲಸ. ಸೈಕಲ್ಲಿನ ಡಬ್ಬದ ಮೇಲೆ ಬ್ಲೂಟೂತ್ ಇದೆ, ಆ್ಯಪ್ ಇದೆ ಎಂದು ದೊಡ್ಡದಾಗಿ ಅಚ್ಚು ಹಾಕಿದ್ದರು. ಆದರೆ ಆ ಆ್ಯಪ್ ಫೋನಿನಲ್ಲಿ ಮಾತ್ರ ತೆರೆಯುತ್ತಿತ್ತು, ಹೆಡ್‌ಸೆಟ್ಟಿನೊಳಗೆ ಅದು ಇರಲೇ ಇಲ್ಲ. ಹೆಡ್‌ಸೆಟ್ಟಿನಲ್ಲಿ ಬೇರೆ ಸೈಕಲ್ ಆ್ಯಪ್ ಇತ್ತು, ಅದಕ್ಕೆ ನಮ್ಮ ಸೈಕಲ್ಲು ಕಣ್ಣಿಗೇ ಬೀಳಲಿಲ್ಲ. ಹುಡುಕುತ್ತಿದ್ದೇನೆ, ಹುಡುಕುತ್ತಿದ್ದೇನೆ ಎಂದು ಸುತ್ತುವ ಚಕ್ರ ತೋರಿಸಿ ಕೊನೆಗೆ ಸಿಗಲಿಲ್ಲ ಅನ್ನುತ್ತಿತ್ತು. ಜೆ.ಪಿ. ನಗರದ ಅಂಗಡಿಯಲ್ಲಿ ಕೇಳಿದರೆ ಅಲ್ಲಿದ್ದವನು, "ಮೇಡಂ, ಎಲ್ಲಾ ಬ್ಲೂಟೂತೂ ಒಂದೇ, ಕನೆಕ್ಟ್ ಆಗ್ಲೇಬೇಕು. ಆಗಿಲ್ಲಾಂದ್ರೆ ಸೈಕಲ್ಲೇ ಹೊಸ ಮಾಡಲ್ ತಗೊಂಬಿಡಿ" ಅಂದ.

"ಎಲ್ಲಾ ಕುಕ್ಕರೂ ಕುಕ್ಕರೇ ಅಲ್ವೇನಪ್ಪ? ಐದು ಲೀಟರ್ ಗ್ಯಾಸ್ಕೆಟ್ಟನ್ನ ಮೂರು ಲೀಟರ್ ಕುಕ್ಕರಿಗೆ ಹಾಕಿ ವಿಶಲ್ ಕೂಗ್ಸು ನೋಡೋಣ" ಎಂದು ಹೇಳಿ ಎದ್ದು ಬಂದೆ.

ಮಹಡಿಯವಳು ಆ್ಯಪ್ಪಿನ ಸಹಾಯದ ಪುಟ ತೆರೆದು ಕೊಟ್ಟಳು, ನಾನು ಕೂತು ಓದಿದೆ. ವಿಷಯ ಇಷ್ಟೇ. ಕೆಲವು ಸೈಕಲ್ಲುಗಳು ತಮ್ಮ ಕಂಪನಿಯ ಆ್ಯಪ್ಪಿನ ಜೊತೆ ಮಾತ್ರ ಮಾತಾಡುತ್ತವೆ. ಅಂಥ ಸೈಕಲ್ಲಿನ ಪೆಡಲ್ ತೋಳಿಗೆ ಕುಂಕುಮದ ಡಬ್ಬಿಯಷ್ಟು ಸಣ್ಣ ಸೆನ್ಸರ್ ಕಟ್ಟಿದರೆ ಅದು ಪೆಡಲ್ ಎಷ್ಟು ಬೇಗ ಸುತ್ತುತ್ತಿದೆ ಎಂದು ಹೆಡ್‌ಸೆಟ್ಟಿಗೆ ತಿಳಿಸುತ್ತದೆ. ತರಿಸಿ, ಪಟ್ಟಿಯಿಂದ ಬಿಗಿದೆ. ಬೆಳಿಗ್ಗೆ ಹೊಂದಿಕೊಂಡಿತು, ಸಂಜೆ ಕೈಕೊಟ್ಟಿತು. ತಲೆ ಕೆಡಿಸಿಕೊಂಡು ಹುಡುಕಿದರೆ, ಅಡುಗೆಮನೆಯಲ್ಲಿದ್ದ ನನ್ನ ಫೋನು ಆ ಸೆನ್ಸರನ್ನು ಹಿಡಿದುಕೊಂಡು ಕೂತಿತ್ತು. ಅದು ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡುವ ಜಾತಿ. ಸೆನ್ಸರ್ ಪರೀಕ್ಷಿಸಲು ಫೋನಿಗೆ ಹಾಕಿಕೊಂಡಿದ್ದ ಆ್ಯಪ್ ಕಿತ್ತುಹಾಕಿದೆ, ಎಲ್ಲ ಸರಿಹೋಯಿತು.

ಮಾರನೆಯ ದಿನ ಯಜಮಾನರು ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದರು. ಹೆಡ್‌ಸೆಟ್ಟಿನ ಕಪ್ಪು ಸ್ಪಂಜಿಗೆ ಮೂರು ಪಟ್ಟೆ ಬಿತ್ತು. ಎದುರಿಗೆ ಫ್ಯಾನ್ ಇಟ್ಟು, ಸೀಟಿನ ಮೇಲೆ ಕೂರಿಸಿ, "ತುಳೀರಿ" ಅಂದೆ.

"ಅಯ್ಯೋ! ರೋಡು ಕಣೇ! ಈ ಕಡೆ ನೋಡಿದ್ರೆ ಕುರಿ! ಎಷ್ಟು ಹಸಿರು ಮಾರಾಯ್ತಿ!" ಯಾವುದೋ ಪರದೇಶದ ಬೆಟ್ಟದ ದಾರಿ. ಅವರು ನೋಡುತ್ತಿದ್ದುದೇ ನನ್ನ ಫೋನಿನಲ್ಲೂ ಕಾಣುವಂತೆ ಮಾಡಿಕೊಂಡಿದ್ದೆ. ಏರು ಬಂದಾಗ ಇವರು ಹ್ಯಾಂಡಲ್ಲಿನ ಮೇಲೆ ಬಾಗಿ, ಹಲ್ಲು ಕಚ್ಚಿ ತುಳಿದರು. ಬನಿಯನ್ ಒದ್ದೆಯಾಯಿತು. ನಾನು ಎರಡೂ ಕೈ ಸೊಂಟಕ್ಕಿಟ್ಟುಕೊಂಡು ನೋಡುತ್ತಾ ನಿಂತೆ. ಗೆದ್ದೆ ಅನ್ನಿಸಿತು.

ಬೆಟ್ಟದ ನೆತ್ತಿ ಬಂತು. ಮುಂದೆ ಉದ್ದಕ್ಕೆ ಇಳಿಜಾರು. ಇವರು "ಹಾ..." ಎಂದು ಉಸಿರು ಬಿಟ್ಟು, ಬೆನ್ನು ನೇರ ಮಾಡಿ, ಪೆಡಲ್ ತುಳಿಯುವುದನ್ನು ನಿಲ್ಲಿಸಿ ಆರಾಮವಾಗಿ ಕೂತರು. ಕಾಲು ನಿಂತ ತಕ್ಷಣ ಇಡೀ ಪ್ರಪಂಚ ನಿಂತಿತು.

"ಕರೆಂಟ್ ಹೋಯ್ತೇನೇ?"

"ಕರೆಂಟ್ ಇದೆ. ನೀವು ತುಳೀತಿಲ್ಲ."

"ಇಳಿಜಾರು ಕಣೇ ಇದು!"

"ಅದಕ್ಕೆ ಇಳಿಜಾರು ಅಂತ ಗೊತ್ತಾಗಲ್ಲ. ಕಾಲು ತಿರುಗಿದ್ರೆ ಹೋಗುತ್ತೆ, ನಿಂತ್ರೆ ನಿಲ್ಲುತ್ತೆ."

ಅವರು ಹೆಡ್‌ಸೆಟ್ ಕಿತ್ತು ನನ್ನ ಕೈಗೆ ಕೊಟ್ಟರು. "ಇಳಿಜಾರಲ್ಲಿ ಯಾವನಾದ್ರೂ ಪೆಡಲ್ ತುಳೀತಾನಾ? ಇದನ್ನ ಮಾಡಿದೋನು ಜನ್ಮದಲ್ಲಿ ಸೈಕಲ್ ಹತ್ತಿಲ್ಲ ಬಿಡು. ನಾನು ಸೊಪ್ಪಿನ ಮೂಟೆ ಹೊತ್ಕೊಂಡು ಏರು ಹತ್ತುತಿದ್ದೆನಲ್ಲ, ಯಾಕೆ ಗೊತ್ತಾ? ಆಮೇಲೆ ಇಳಿಜಾರು ಬರುತ್ತೆ ಅಂತ. ಹತ್ತೋದು ಹೊಟ್ಟೆಪಾಡು. ಇಳಿಯೋದು ಮಾತ್ರ ನಂದು." ಇಷ್ಟು ಹೇಳಿ ಹೋಗಿ ಜಗಲಿಯ ಮೇಲೆ ಕೂತವರು ಮತ್ತೆ ಸೈಕಲ್ ಹತ್ತಲಿಲ್ಲ.

ಬೈದೆ, ಮುದ್ದು ಮಾಡಿದೆ, ಊಟಕ್ಕೆ ಬಡಿಸುವಾಗ ತಟ್ಟೆ ಕುಕ್ಕಿದೆ. ಜಗ್ಗಲಿಲ್ಲ. ಆ್ಯಪ್ಪಿನ ಸೆಟ್ಟಿಂಗುಗಳನ್ನೆಲ್ಲ ಒಂದೂ ಬಿಡದೆ ತಿರುವಿದೆ. ನಮ್ಮ ಸೆನ್ಸರ್ ಜೊತೆ ಇಳಿಜಾರಿನಲ್ಲಿ ಜಾರಿಕೊಂಡು ಹೋಗುವ ಅನುಕೂಲ ಅದರಲ್ಲಿರಲಿಲ್ಲ. ಏರು ಮಾತ್ರ ಇರುವ ದಾರಿ ಹುಡುಕಿ ಕೊಟ್ಟರೆ, "ಬರೀ ಹತ್ತಕ್ಕೆ ನಾನೇನ್ ಕತ್ತೇನಾ?" ಅಂದರು. ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಮೆಟ್ಟಿಲು ಹತ್ತುವಾಗ ಅವರ ಕಾಲು ಮರದ ಕೊರಡಿನಂತೆ ನೆಟ್ಟಗೇ ಬರುವುದನ್ನು ಹಿಂದಿನಿಂದ ನೋಡಿದಾಗಲೆಲ್ಲ ನನಗೆ ಆಸ್ಪತ್ರೆಯ ಆ ಬಾಗಿಲು ನೆನಪಾಗುತ್ತಿತ್ತು.

ಒಂದು ಮಧ್ಯಾಹ್ನ ಸೆನ್ಸರಿನ ಬ್ಯಾಟರಿ ಬದಲಾಯಿಸಲು ಅದನ್ನು ಪೆಡಲಿನಿಂದ ಬಿಚ್ಚಿದೆ. ಹೊಸದು ಹಾಕಿ, ಕೆಲಸ ಮಾಡುತ್ತದೋ ಇಲ್ಲವೋ ಎಂದು ಕೈಯಲ್ಲಿ ಹಿಡಿದು ರಾಗಿ ಬೀಸುವ ಹಾಗೆ ಸುತ್ತಿಸಿದೆ. ಆನ್ ಮಾಡಿಟ್ಟಿದ್ದ ಹೆಡ್‌ಸೆಟ್ಟಿನ ದಾರಿ ಫೋನಿನಲ್ಲಿ ಓಡತೊಡಗಿತು. ಅದಕ್ಕೆ ಬೇಕಾಗಿದ್ದುದು ಸುತ್ತು ಮಾತ್ರ, ಅದು ಕಾಲಿನದೋ ಕೈಯದೋ ಎಂದು ಅದು ಕೇಳುವುದಿಲ್ಲ. ನಾನು ಗಟ್ಟಿಯಾಗಿ ನಕ್ಕೆ.

"ಬನ್ನಿ, ರಿಪೇರಿ ಆಯ್ತು" ಎಂದು ಕರೆದೆ. "ಈಗ ಇಳಿಜಾರಲ್ಲಿ ನಿಲ್ಲಲ್ಲ." ಅವರು ನಂಬಿದರು. ಮನೆಯಲ್ಲಿ ನಾನು ರಿಪೇರಿಯಾಯಿತು ಎಂದ ಮೇಲೆ ಅದು ಆಗಿರುತ್ತದೆ ಎಂಬುದು ಅವರಿಗೆ ರೂಢಿ.

ಅವತ್ತಿನಿಂದ ಅವರ ಪಕ್ಕದಲ್ಲಿ ಕುಳ್ಳ ಸ್ಟೂಲು ಹಾಕಿ ಕೂರತೊಡಗಿದೆ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಸೆನ್ಸರು. ಏರಿನಲ್ಲಿ ಅವರ ಕಾಲಿನ ಲಯ ನೋಡಿಕೊಂಡು ಅಷ್ಟೇ ವೇಗದಲ್ಲಿ ಕೈ ಸುತ್ತಿಸುವುದು. ಅವರು ನಿಧಾನ ಮಾಡಿದರೆ ನನ್ನದೂ ನಿಧಾನ, ಕಳ್ಳಾಟಕ್ಕೆ ಅವಕಾಶವಿಲ್ಲ. ಇಳಿಜಾರು ಬಂದು ಅವರು ಕಾಲು ಬಿಟ್ಟ ಕೂಡಲೇ ನಾನೊಬ್ಬಳೇ ರಭಸದಿಂದ ಸುತ್ತಿಸುವುದು. ಅವರ ದಾರಿ ಸರ್ರನೆ ಓಡುತ್ತಿತ್ತು. ಫ್ಯಾನಿನ ಗಾಳಿಗೆ ಮುಖವೊಡ್ಡಿ ಅವರು ಏನೋ ಗುನುಗುತ್ತಿದ್ದರು. ಅಷ್ಟು ಖುಷಿಯಾಗಿ ಅವರನ್ನು ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಇಳಿಜಾರಿನ ಆಸೆಗೆ ಅವರು ಏರನ್ನು ಬೇಡವೆನ್ನದೆ ತುಳಿದರು. ಸೀಟು ಒಂದು ತೂತು ಇಳಿಯಿತು, ಆಮೇಲೆ ಇನ್ನೊಂದು. ನನ್ನ ಭುಜ ಮಾತ್ರ ರಾತ್ರಿ ಮಗ್ಗುಲು ಬದಲಾಯಿಸಲು ಬಿಡುತ್ತಿರಲಿಲ್ಲ. ಸಂಪಿನ ಮುಚ್ಚಳ ಎತ್ತಿ ಉಳುಕಿದೆ ಎಂದು ಹೇಳಿದ್ದೆ.

ಹೀಗೆಯೇ ನಡೆದಿತ್ತು. ಒಂದು ಬೆಳಿಗ್ಗೆ ದೊಡ್ಡ ಇಳಿಜಾರಿನ ನಡುವೆ ಅವರ ಕಣ್ಣಿಗೆ ಬೆವರು ಇಳಿಯಿತು. ಹೇಳದೆ ಕೇಳದೆ ಹೆಡ್‌ಸೆಟ್ಟನ್ನು ಹಣೆಯ ಮೇಲಕ್ಕೆ ಸರಿಸಿದರು. ಕೆಳಗೆ ನೋಡಿದರೆ ನಾನು ಸ್ಟೂಲಿನ ಮೇಲೆ ಕೂತು, ತುಟಿ ಕಚ್ಚಿಕೊಂಡು, ಗಾಳಿಯಲ್ಲಿ ಕೈ ಸುತ್ತಿಸುತ್ತಿದ್ದೇನೆ.

"ಏನ್ ಮಾಡ್ತಿದೀಯ?"

ನನಗೆ ಸುಳ್ಳು ಹೊಳೆಯಲಿಲ್ಲ. "ನೀವು ಇಳೀತಿದೀರಲ್ಲ, ಅದಕ್ಕೆ" ಅಂದೆ.

ಅವರು ಪೆಡಲ್ ನೋಡಿದರು, ಅಲ್ಲಿ ಸೆನ್ಸರ್ ಇರಲಿಲ್ಲ. ನನ್ನ ಕೈ ನೋಡಿದರು. ಫೋನಿನಲ್ಲಿ ನಿಂತಿದ್ದ ಬೆಟ್ಟದ ದಾರಿ ನೋಡಿದರು. ಬೈಗುಳ ಬರುತ್ತದೆ ಎಂದು ನಾನೂ ಒಂದು ಉತ್ತರ ಸಿದ್ಧ ಮಾಡಿಕೊಂಡೆ. ಅವರು ನನ್ನ ಬಲ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದರು. ನಾನು ಸ್ಸ್ ಎಂದೆ.

"ಸಂಪಿನ ಮುಚ್ಚಳ" ಅಂದರು.

ನಾನು ಸೆನ್ಸರನ್ನು ಮಡಿಲಲ್ಲಿಟ್ಟುಕೊಂಡೆ.

"ಅದನ್ನ ಪೆಡಲ್ಲಿಗೆ ಕಟ್ಟು."

ಕಟ್ಟಿದೆ. ಅವರು ಹೆಡ್‌ಸೆಟ್ ಇಳಿಸಿಕೊಂಡರು. ಇಳಿಜಾರು ಇನ್ನೂ ಬೇಕಾದಷ್ಟು ಉಳಿದಿತ್ತು. ಇಳಿಜಾರಿನಲ್ಲಿ ಯಾವನೂ ತುಳಿಯುವುದಿಲ್ಲ ಎಂದಿದ್ದ ಮನುಷ್ಯ ತುಳಿಯತೊಡಗಿದರು. ಮರುದಿನವೂ ತುಳಿದರು, ಅದರ ಮರುದಿನವೂ. ಏರಿಗೂ ಇಳಿಜಾರಿಗೂ ಕಾಲು ನಿಲ್ಲಲಿಲ್ಲ. ಗುನುಗುವುದು ನಿಂತುಹೋಗಿತ್ತು, ಅದೊಂದು ನನಗೆ ಬೇಸರ. ಸೀಟು ಮಾತ್ರ ಫಿಸಿಯೋ ಹುಡುಗಿ ಹೇಳಿದ್ದ ತೂತಿಗೆ ಬಂದು ನಿಂತಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕಾಲನ್ನು ಹಿಡಿದು ಬಗ್ಗಿಸಿದರು. ನಾನು ಮಂಚದ ಕಂಬಿ ಹಿಡಿದು ನಿಂತಿದ್ದೆ. ಮಂಡಿ ಬಗ್ಗಿತು, ಇನ್ನೂ ಬಗ್ಗಿತು, ಹಿಮ್ಮಡಿ ಮಂಚದ ಮೇಲೆ ಹಿಂದಕ್ಕೆ ಸರಿದುಕೊಂಡು ಬಂತು. "ವೆರಿ ಗುಡ್! ಅನಸ್ತೇಶಿಯಾ ಏನೂ ಬೇಡ, ಮನೆಗೆ ಹೋಗಿ. ಏನ್ ಮಾಡಿದ್ರಿ ಯಜಮಾನ್ರೇ?"

"ಇಳಿಜಾರಲ್ಲೂ ತುಳಿದೆ ಸಾರ್" ಅಂದರು ಇವರು. "ನಾನ್ ನಿಲ್ಲಿಸಿದ್ರೆ ಇವಳು ತುಳಿಯೋಳು."

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ, ನಕ್ಕು ಮುಂದಿನ ಹೆಸರು ಕರೆದರು. ನಾನು ಆ ಕಂಬಿಯನ್ನು ಬಿಡದೆ, ಅಷ್ಟು ಜನರ ಎದುರಿಗೆ, ಜೋರಾಗಿ ಅತ್ತುಬಿಟ್ಟೆ.