ಮಾವನ ಬ್ರೆಡ್ಡು ಬಾಳೆಹಣ್ಣು

ನನ್ನ ಸೋದರಮಾವನ ಕೆಲಸ ಏನೆಂದು ಕೇಳಿದವರಿಗೆ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ: ಕುರ್ಚಿ ರಿಪೇರಿ. ಕೇಳಿದವರು ಬಡಗಿ ಎಂದುಕೊಂಡರೆ ಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ಅವನು ರಿಪೇರಿ ಮಾಡುತ್ತಿದ್ದದ್ದು ಹಲ್ಲಿನ ಡಾಕ್ಟರರ ಕುರ್ಚಿ. ಪೆಡಲ್ ಒತ್ತಿದರೆ ಮೇಲೇಳುವ, ಪಕ್ಕದಲ್ಲಿ ಉಗುಳುವ ಬಟ್ಟಲಿರುವ ಆ ಭಾರಿ ಕುರ್ಚಿ ಎಣ್ಣೆ ಸೋರಿ ಅರ್ಧದಲ್ಲಿ ನಿಂತರೆ ಮಾವನಿಗೆ ಫೋನ್ ಬರುತ್ತಿತ್ತು. ಸರಿಮಾಡಿದ ಮೇಲೆ ಮೊದಲು ತಾನೇ ಅದರ ಮೇಲೆ ಮಲಗಿ, ಬಾಯಿ ತೆರೆದು, ಮೇಲೆ ಕೆಳಗೆ ಹೋಗಿ ಬಂದು ನೋಡುತ್ತಿದ್ದ. ಹಾಗೆ ಮಲಗಿದವನು ಗೊರಕೆ ಹೊಡೆದದ್ದೂ ಉಂಟು.

ತಿಂಗಳಲ್ಲಿ ಅರ್ಧ ಪರಊರಿನ ವಾಸ. ಮಾವನೋ ಹುಟ್ಟಾ ಸಸ್ಯಾಹಾರಿ. ಅವನು ಹೋಗುತ್ತಿದ್ದದ್ದು, ಮಾಂಸವಿಲ್ಲದ್ದು ಏನಿದೆ ಎಂದು ಕೇಳಿದರೆ ಮೀನು ತಂದಿಡುವ ಊರುಗಳಿಗೆ. ಒಬ್ಬ ಹೋಟೆಲಿನವನಂತೂ ಸೂಪಿನಿಂದ ತುಂಡುಗಳನ್ನೆಲ್ಲ ಸೋಸಿ ತೆಗೆದು, "ಈಗ ಆಯ್ತಲ್ಲ ಸಾರ್, ಬರೀ ನೀರು" ಎಂದನಂತೆ. ಮದುವೆಯಾದ ಹೊಸದರಲ್ಲಿ ಅಂಥ ಊರುಗಳ ಮೊದಲ ಸುತ್ತು ಹೋದ ಮಾವ ಬ್ರೆಡ್ಡು ಬಾಳೆಹಣ್ಣಿನಲ್ಲೇ ದಿನ ದೂಡಿ, ಮುಖ ಒಣಗಿಸಿಕೊಂಡು ಮನೆಗೆ ಬಂದ. ಬಾಗಿಲು ತೆಗೆದ ಅತ್ತೆ ಅವನನ್ನು ನೋಡಿ ಅತ್ತೇಬಿಟ್ಟಳು.

ಅಂದಿನಿಂದ ಮಾವ ಊರಿಂದ ಬರುವ ದಿನ ಅತ್ತೆ ಬೆಳಗಿನಿಂದಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಲೆ ಮುಂದೆ ನಿಲ್ಲುತ್ತಿದ್ದಳು. ಬಸ್ಸಿನ ಹೊತ್ತಿಗೆ ಬಾಗಿಲಿಗೆ ಬಂದು ಕಾಯುತ್ತಿದ್ದಳು. ಕಾಲೇಜಿಗೆಂದು ಅವರ ಮನೆಯಲ್ಲಿದ್ದ ನಾನು ಇದನ್ನೆಲ್ಲ ದಿನಚರಿಯ ಹಾಗೆ ನೋಡಿದವನು. ಬೀದಿಯ ತಿರುವಿನ ತನಕ ನೆಟ್ಟಗೆ ಬರುತ್ತಿದ್ದ ಮಾವ ಗೇಟು ಹತ್ತಿರವಾಗುತ್ತಲೇ ಸ್ವಲ್ಪ ಬಾಗುತ್ತಿದ್ದ. ಬ್ಯಾಗಿನ ಭಾರ ಎಂದುಕೊಂಡಿದ್ದೆ. ಮನೆಯಲ್ಲಿ ಹಾಲು ಉಕ್ಕಿದರೂ "ಲೇ, ಇಲ್ಲೇನೋ ಆಗ್ತಿದೆ ನೋಡು" ಎಂದು ಕೂಗುವ ಗಂಡಸು ಅವನು. ಪಾಪ, ಪರಊರಲ್ಲಿ ಇನ್ನೇನು ಮಾಡಿಯಾನು ಎಂದು ನನಗೂ ಅನಿಸುತ್ತಿತ್ತು. ಮಾವನಿಲ್ಲದ ದಿನಗಳಲ್ಲಿ ಅತ್ತೆ ನನಗೆ ಬಿಸಿಬಿಸಿ ಬಡಿಸಿ, ತಾನು ಒಂದು ತುಂಡು ಬ್ರೆಡ್ಡು ಹಿಡಿದು ಕೂರುತ್ತಿದ್ದಳು. ಕೇಳಿದರೆ, "ಹಸಿವಿಲ್ಲ ಕಣೋ, ನೀನು ಉಣ್ಣು" ಅನ್ನುತ್ತಿದ್ದಳು.

ಒಮ್ಮೆ ಅತ್ತೆ ಬಚ್ಚಲಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಅದೇ ವಾರ ಸಮುದ್ರದ ಕಡೆಯ ಊರಿನ ಡಾಕ್ಟರಮ್ಮ, ಕುರ್ಚಿ ಕೈಕೊಟ್ಟಿದೆ, ಕೂಡಲೇ ಬನ್ನಿ ಎಂದರು. ಅತ್ತೆಯನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ. ನಾನು ಕಾರು ಓಡಿಸುವುದು, ಮೂವರೂ ಹೋಗುವುದು ಎಂದಾಯಿತು.

"ಅಲ್ಲಿ ಊಟಕ್ಕೆ ಭಾಳ ಕಷ್ಟ ಕಣೇ" ಎಂದ ಮಾವ.

"ನಿಮಗಿಲ್ಲದ ಕಷ್ಟ ನನಗೇನು ಬಂತು?" ಎಂದು ಅತ್ತೆ ಎಡಗೈಯಲ್ಲೇ ಮೂವರಿಗಾಗುವಷ್ಟು ಬ್ರೆಡ್ಡು ಬಾಳೆಹಣ್ಣು ಚೀಲಕ್ಕೆ ತುಂಬಿಕೊಂಡಳು.

ಊರು ಮುಟ್ಟುತ್ತಲೇ ಮಾವ, ಸೀದಾ ಕ್ಲಿನಿಕ್ಕಿಗೆ ಬಿಡು ಎಂದ. ಆದರೆ ದಾರಿ ಇದ್ದದ್ದು ತರಕಾರಿ ಮಾರ್ಕೆಟ್ಟಿನ ನಡುವೆ. ಗಾಡಿಗಳ ಮಧ್ಯೆ ನಾವು ಸಿಕ್ಕಿಕೊಂಡಾಗ ತರಕಾರಿಯವಳೊಬ್ಬಳು ಕಿಟಕಿಗೆ ಬಗ್ಗಿದಳು. "ಏನ್ ಸಾರ್, ನೋಡಿಯೂ ನೋಡದ ಹಾಗೆ ಹೋಗ್ತಿದ್ದೀರಾ? ನಿಮಗೇ ಅಂತ ಎಳೆ ಬದನೆಕಾಯಿ ಎತ್ತಿಟ್ಟಿದ್ದೀನಿ. ಹೋದ ಸಲ ನೀವು ಹೇಳ್ಕೊಟ್ಟ ಹಾಗೇ ಮಾಡಿದೆ, ನಮ್ಮನೆಯವರು ಅವತ್ತು ಮೀನೇ ಕೇಳಲಿಲ್ಲ."

"ಬೇರೆ ಯಾರೋ ಅಂದ್ಕೊಂಡಿದ್ದಾಳೆ" ಎಂದ ಮಾವ, ಬದನೆಕಾಯಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು.

ಕ್ಲಿನಿಕ್ಕಿನಲ್ಲಿ ಬಾಗಿಲು ತೆಗೆದ ನರ್ಸು ಅತ್ತೆಯನ್ನು ಕಂಡು ಸಡಗರಪಟ್ಟಳು. "ನೀವು ಪುಣ್ಯ ಮಾಡಿದ್ದೀರಿ ಬಿಡಿ. ಇವರು ಬರೋ ದಿನ ನಾವ್ಯಾರೂ ಊಟದ ಡಬ್ಬಿ ತರಲ್ಲ." ಹಿಂದಿನ ಕೋಣೆಯಲ್ಲಿ, ಇಕ್ಕಳಗಳನ್ನು ಕುದಿಸುವ ಯಂತ್ರದ ಮೇಲಿನ ಕಪಾಟಿನಿಂದ ಅವಳು ಒಂದೊಂದಾಗಿ ಇಳಿಸಿದಳು: ತಳ ಕಪ್ಪಗಾದ ಪಾತ್ರೆ, ಸವೆದ ಚಾಕು, ಸಾಸಿವೆ ಜೀರಿಗೆಯ ಡಬ್ಬಿ. ಎಲ್ಲ ಮಾವನ ಸಂಸಾರ.

ಮಾವ ಸೀದಾ ಕುರ್ಚಿಯ ಕೆಳಗೆ ನುಗ್ಗಿದ. ಹೊರಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ರಬ್ಬರ್ ಉಂಗುರ ಬದಲಾಯಿಸುವ ಕೆಲಸಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಅತ್ತೆ ಸ್ಟೂಲು ಎಳೆದುಕೊಂಡು ಆ ಪಾದಗಳ ಎದುರು ಕೂತಳು.

"ಅಲ್ಲಿಂದಲೇ ಹೇಳಿ. ಯಾವಾಗಿಂದ ಈ ಅಡುಗೆ?"

"ಎರಡನೇ ಸುತ್ತಿನಿಂದ" ಎಂದವು ಪಾದಗಳು.

"ನನಗ್ಯಾಕೆ ಹೇಳಲಿಲ್ಲ?"

ಸ್ಪ್ಯಾನರ್ ಸದ್ದು ನಿಂತಿತು. "ಆವತ್ತು ಬಾಗಿಲಲ್ಲಿ ನನ್ನ ನೋಡಿ ಅತ್ತುಬಿಟ್ಟೆಯಲ್ಲ, ಹಾಗೆ ನನಗೋಸ್ಕರ ಯಾರೂ ಅತ್ತಿರಲಿಲ್ಲ. ಹೊಟ್ಟೆ ತುಂಬಿ ಬಂದಿದ್ದೀನಿ ಅಂತ ಗೊತ್ತಾದ್ರೆ ನೀನು ಬಾಗಿಲಿಗೆ ಬರ್ತಿದ್ಯಾ?"

ನನಗೇನೋ ಪಾಪ ಅನಿಸಿತು. ಅತ್ತೆಗೆ ಅನಿಸಲಿಲ್ಲ. ಚೀಲದಿಂದ ಬ್ರೆಡ್ಡಿನ ಪೊಟ್ಟಣ ತೆಗೆದು ಮಾವನ ಪಾದದ ಪಕ್ಕ ಇಟ್ಟಳು. "ನೀವು ಹೋದಾಗೆಲ್ಲ ನಾನು ಇದನ್ನೇ ತಿಂದಿದ್ದು. ಅವರು ಅಲ್ಲಿ ಇದನ್ನ ತಿಂತಿರ್ತಾರೆ, ನಾನಿಲ್ಲಿ ಬಿಸಿ ಅನ್ನ ಹೇಗೆ ಉಣ್ಣಲಿ ಅಂತ."

ಮಾವ ಹೊರಗೆ ಬಂದ. ಕೆನ್ನೆಯೆಲ್ಲ ಎಣ್ಣೆ. ನೆಲದ ಮೇಲೆ ಕೂತು ಆ ಪೊಟ್ಟಣವನ್ನು ನೋಡಿದ, ನನ್ನನ್ನು ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

ಆ ಮಧ್ಯಾಹ್ನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮಾವನ ಕೈಯಲ್ಲೇ ಬದನೆಕಾಯಿ ಬೆಂದಿತು. ಅತ್ತೆ ಎಡಗೈಯಲ್ಲಿ ಚಮಚ ಹಿಡಿದು ತಟ್ಟೆ ಖಾಲಿ ಮಾಡಿದಳು. "ಚೆನ್ನಾಗಿದೆ" ಎಂದಳು. ಬೈದಿದ್ದರೆ ಮಾವ ಅಷ್ಟು ಹೆದರುತ್ತಿರಲಿಲ್ಲ. "ಇನ್ಮೇಲೆ ಬಾಗಿಲಲ್ಲಿ ಕಾಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದೂ ಹೇಳಿದಳು.

ಪ್ಲಾಸ್ಟರ್ ಬಿಚ್ಚುವ ತನಕ ಮನೆಯಲ್ಲಿ ಅಡುಗೆ ಮಾವನದೇ. ಅತ್ತೆ ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಉಪ್ಪು ಸಾಲದು, ಉರಿ ಜಾಸ್ತಿ ಎನ್ನುತ್ತ ದರ್ಬಾರು ನಡೆಸಿದಳು. ಬಾಗಿಲಿನ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಆಮೇಲಿನ ಮೊದಲ ಸುತ್ತಿನಿಂದ ಮಾವ ವಾಪಸು ಬಂದಾಗ ನಾನು ಬಸ್ ನಿಲ್ದಾಣಕ್ಕೆ ಹೋಗಿದ್ದೆ. "ನಿಂತಿರ್ತಾಳೇನೋ?" ಎಂದು ದಾರಿಯುದ್ದಕ್ಕೂ ಕೇಳಿದ. ನನಗೇನು ಗೊತ್ತು? ಈ ಸಲ ಅವನು ಗೇಟಿನ ಹತ್ತಿರ ಬಾಗಲಿಲ್ಲ. ಬಾಗಿಲು ಮುಚ್ಚಿತ್ತು.

ಒಳಗೆ ಅತ್ತೆ ತಟ್ಟೆ ಮುಂದೆ ಕೂತು ಆರಾಮಾಗಿ ಉಣ್ಣುತ್ತಿದ್ದಳು.

"ಏನಿದು ವಾಸನೆ?" ಎಂದ ಮಾವ, ಸಣ್ಣ ದನಿಯಲ್ಲಿ.

"ಹಾಗಲಕಾಯಿ. ನಿಮಗೆ ಸೇರಲ್ಲ ಅಂತ ಮದುವೆಯಾದಾಗಿಂದ ಮನೆಗೆ ತಂದಿರಲಿಲ್ಲ. ನೀವು ಹೋದ ದಿನದಿಂದ ದಿನಾ ಇದೇ."

"ಬಿಸಿ ಅನ್ನದ ಜೊತೆಗಾ?"

"ಬಿಸಿ ಅನ್ನ, ತುಪ್ಪ."

ಮಾವನ ಕಣ್ಣು ತುಂಬಿತು. ಬ್ಯಾಗು ಕೆಳಗಿಟ್ಟು, ಕೈ ತೊಳೆದು, ತಟ್ಟೆ ತಂದು ಅವಳ ಪಕ್ಕ ಕೂತ. "ನನಗೂ ಹಾಕು."

"ಸೇರಲ್ವಲ್ಲ ನಿಮಗೆ?"

"ಹಾಕೇ."

ಅತ್ತೆ ಧಾರಾಳವಾಗಿ ಹಾಕಿದಳು. ಮಾವ ಮುಖ ಕಿವುಚದೆ ತಿನ್ನಲು ಪಟ್ಟ ಪಾಡು ದೇವರಿಗೇ ಪ್ರೀತಿ. ಕೊನೆಯ ತುಂಡು ಗಂಟಲಲ್ಲಿ ಇಳಿಯುವ ತನಕ ಅತ್ತೆ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ, ಒಲೆಯ ಮೇಲೆ ಮುಚ್ಚಿಟ್ಟಿದ್ದ ಪಾತ್ರೆ ತಂದು ಅವನ ತಟ್ಟೆಗೆ ಬದನೆಕಾಯಿ ಬಡಿಸಿದಳು.