ಬಸ್ಸಿಗೆ ತಾನೆ ಬಾರ್ಡರು

ಬೆಳಿಗ್ಗೆ ಮಹಡಿಗೆ ಹೋಗಿ ಮೊಮ್ಮಗಳು ಚೈತ್ರಳ ಬೆನ್ನಿನ ಚೀಲವನ್ನು ಬಿಸಿಲಿಗೆ ಹಾಕಿದೆ. ಒಳಗಿಂದ ರೈಲಿನ ಕಬ್ಬಿಣದ ವಾಸನೆ, ಒದ್ದೆ ಸಾಕ್ಸಿನ ವಾಸನೆ. ಮೂಗು ಮುಚ್ಚಬೇಕಾದವಳು ಇನ್ನೊಂದು ಸಲ ಮೂಸಿದೆ. ಅವಳು ಮನೆಗೆ ಬಂದು ಮೂರು ದಿನ. ನಮ್ಮ ಪಟ್ಟಂದೂರು ಅಗ್ರಹಾರದಲ್ಲಿ ಈ ಸುದ್ದಿ ಗೊತ್ತಿಲ್ಲದವರು ಉಳಿದಿಲ್ಲ. ಹೂವಿನವಳಿಗಂತೂ ಎರಡು ಸಲ ಹೇಳಿದ್ದೇನೆ. ನೀವಿನ್ನೂ ಕೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೇಪಾಳದ ಬೆಟ್ಟಗಳಲ್ಲಿ ಹದಿನೈದು ದಿನ ನಡೆಯುತ್ತೇನೆಂದು ಹೊರಟಿದ್ದಳು. ನಮ್ಮ ದೇಶದ ಕೊನೆಯ ಊರು ಮುಟ್ಟಿ ಫೋನ್ ಮಾಡಿದಳು.

"ಅಜ್ಜಿ, ಆ ಕಡೆ ಗಲಾಟೆ. ಬಾರ್ಡರ್ ಕ್ಲೋಸ್ ಮಾಡ್ಬಿಟ್ಟಿದಾರೆ. ಏನ್ ಮಾಡ್ಲಿ?"

ಬಾರ್ಡರ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ, ಪಕ್ಕದ ರಾಜ್ಯಕ್ಕೆ ದಾಟುವ ಅತ್ತಿಬೆಲೆ. ನನ್ನ ತವರು ಹೊಸೂರಿನ ಆಚೆ. ಕಾವೇರಿ ಗಲಾಟೆ ಎದ್ದಾಗ ಈ ಕಡೆಯ ಬಸ್ಸು ಈ ಕಡೆ, ಆ ಕಡೆಯದು ಆ ಕಡೆ ನಿಂತುಬಿಡುತ್ತಿದ್ದವು. ನಾವು ಇಳಿದು, ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು, ನಡೆದು ದಾಟಿ ಆಚೆಯ ಬಸ್ಸು ಹತ್ತುತ್ತಿದ್ದೆವು. ಒಮ್ಮೆ ಒಬ್ಬ ಪೊಲೀಸಪ್ಪ ನನ್ನ ಹಲಸಿನಹಣ್ಣನ್ನೂ ಹೊತ್ತುಕೊಟ್ಟಿದ್ದ. ಹಾಗಾಗಿ ಎಲ್ಲ ಬಲ್ಲವಳ ಗತ್ತಿನಲ್ಲಿ ಹೇಳಿದೆ:

"ಅಯ್ಯೋ, ಅದ್ಕ್ಯಾಕೆ ಯೋಚ್ನೆ ಮಗಾ? ಬಸ್ಸಿಗೆ ತಾನೆ ಬಾರ್ಡರು, ಕಾಲಿಗೇನು? ನಡ್ಕೊಂಡು ದಾಟ್ಬಿಡು. ಆಚೆ ಬಸ್ ನಿಂತಿರ್ತದೆ, ಅದ್ನ ಅತ್ಕೊಂಡು ಓಗು."

"ಹಂಗಂತೀಯಾ?" ಎಂದಳು. ಫೋನ್ ಕಟ್ಟಾಯಿತು. ಮತ್ತೆ ಸಿಗಲಿಲ್ಲ.

ಮಗ ಮುನಿರಾಜು, ಚೈತ್ರಳ ಅಪ್ಪ, ಶಿಫ್ಟ್ ಮುಗಿಸಿ ಬಂದಾಗ ಹೆಮ್ಮೆಯಿಂದಲೇ ಹೇಳಿದೆ. ಅವನ ಕೈಯ ಕಾಫಿ ಲೋಟ ಅರ್ಧದಲ್ಲೇ ನಿಂತಿತು.

"ಅದೇನು ಅತ್ತಿಬೆಲೆ ಅನ್ಕೊಂಡ್ಯೇನಮ್ಮ? ಬೇರೆ ದೇಶ ಕಣಮ್ಮ ಅದು! ಕರ್ಫ್ಯೂ ಹಾಕವ್ರೆ, ಕೋವಿ ಹಿಡ್ಕೊಂಡು ನಿಂತವ್ರೆ!"

ಟಿವಿ ಹಾಕಿದ. ಹೊಗೆ, ಓಡುವ ಜನ. ಆ ಜನರ ನಡುವೆ ನಾನು ಅವಳ ನೀಲಿ ಚೀಲವನ್ನೇ ಹುಡುಕಿದೆ. ಅವಳ ನಂಬರಿಗೆ ಮಾಡಿದರೆ ಹೆಂಗಸೊಬ್ಬಳು ಹಿಂದಿಯಲ್ಲಿ ಏನೋ ಹೇಳುತ್ತಾಳೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳಿಗೆ ಹಿಂದಿ ಎಲ್ಲಿಂದ ಬರಬೇಕು? ಆದರೂ, "ನಮ್ಮ ಉಡುಗೀನ ಎಲ್ಲಾದ್ರೂ ನೋಡಿದ್ರೇನಮ್ಮ?" ಎಂದು ಕೇಳಿಯೇಬಿಟ್ಟೆ. ಎರಡು ದಿನ ಅದೇ ನಂಬರಿಗೆ ಮಾಡುತ್ತಲೇ ಇದ್ದೆ.

ಮೂರನೆಯ ದಿನ ಯಾವುದೋ ಗೊತ್ತಿಲ್ಲದ ನಂಬರು.

"ಅಜ್ಜಿ, ನಾನು! ಫೋನ್ ಬಿದ್ದು ಒಡೆದೋಯ್ತು. ನಿನ್ ನಂಬರ್ ಒಂದೇ ಬಾಯಿಪಾಠ ಇದ್ದಿದ್ದು, ಅದ್ರಲ್ಲೂ ಕೊನೇ ಅಂಕಿ ಮರೆತು ಯಾರ್ಯಾರಿಗೋ ಮಾಡ್ದೆ. ನಿನ್ ಮಾತು ಕೇಳಿ ಗೇಟ್ ತನಕ ಹೋಗಿದ್ದೆ, ಗೊತ್ತಾ?"

"ಅಯ್ಯೋ! ಆಮೇಲೆ?" ಎಂದೆ.

"ಅಲ್ಲಿ ಒಬ್ರೂ ನಡ್ಕೊಂಡು ಹೋಗ್ತಿರ್ಲಿಲ್ಲ ಅಜ್ಜಿ. ಲಾರಿಯವ್ರೇ ಗಾಡಿ ಬಿಟ್ಟು ಹಿಂದಕ್ಕೆ ಬರ್ತಿದ್ರು. ನಾನೂ ತಿರುಗ್ದೆ. ಬೆಟ್ಟ ಎಲ್ಲಿಗೆ ಹೋಗುತ್ತೆ, ಇನ್ನೊಂದ್ಸಲ ನೋಡಿದ್ರಾಯ್ತು. ಟ್ರೈನ್ ಹತ್ತಿದೀನಿ."

ನಿಮ್ಮ ಮುಂದೆ ಮುಚ್ಚಿಡುವುದೇನು? ಅತ್ತೆ, ನಕ್ಕೆ, ಮೆಟ್ಟಿಲಿಳಿದು ಬಾಡಿಗೆಗಿರುವ ರಾಯಚೂರಿನ ಹೆಣ್ಣುಮಗಳ ಕೆನ್ನೆಗೆ ಮುತ್ತು ಕೊಟ್ಟೆ. "ಏನಾತ್ರೀ ಅಜ್ಜಿ?" ಎಂದು ಆಕೆ ಗಾಬರಿಬಿದ್ದಳು.

ಇದನ್ನು ಬರೆಯುವಾಗಲೇ ಚೈತ್ರ ತನ್ನ ಹೊಸ ಫೋನಿನಿಂದ ಕರೆದಳು, ಮಾರತ್ತಹಳ್ಳಿಯಿಂದ. "ಅಜ್ಜಿ, ಟ್ರಾಫಿಕ್ ಅಲ್ಲಾಡ್ತಿಲ್ಲ. ಬಸ್ಸಲ್ಲೇ ಕೂತಿರ್ಲಾ, ಆಟೋ ಹಿಡೀಲಾ?"

ನಾಲಿಗೆಯ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡೆ.

"ಇಲ್ಲಿಂದ ನಂಗೇನ್ ಕಾಣ್ತದೆ ಮಗಾ? ಅಲ್ಲಿರೋಳು ನೀನು. ನಿನ್ ಕಣ್ಣಿಗೇನ್ ಕಾಣ್ತದೆ, ಮೊದ್ಲು ಅದನ್ನೇಳು."

ಹೇಳತೊಡಗಿದ್ದಾಳೆ. ಕೇಳುತ್ತಾ ಕೂತಿದ್ದೇನೆ.