ಮುಂದೇನು ಮೇಡಂ

ಅವರು ಹೊಲಿಗೆ ಟೀಚರ್. ಹೊಲಿಗೆ ತರಗತಿ ನಿಂತುಹೋದಾಗ ಅವರನ್ನು ಮನೆಗೆ ಕಳಿಸಲಾರದೆ, ಹತ್ತನೆಯ ತರಗತಿಯ ಮಕ್ಕಳಿಗೆ ಮುಂದಿನ ಓದು, ಉದ್ಯೋಗದ ದಾರಿ ತೋರಿಸುವ ಕೆಲಸವನ್ನು ಶಾಲೆಯವರು ತಲೆಗೆ ಕಟ್ಟಿದರು. ಕಂಡಕಂಡ ಮಕ್ಕಳನ್ನೆಲ್ಲ ‘ಮುಂದೇನು?’ ಎಂದು ಕೇಳಿ ಕೇಳಿ ‘ಮುಂದೇನು ಮೇಡಂ’ ಆದರು. ಹಳೆಯ ಕಸುಬು ಬಿಡಬೇಕಲ್ಲ. ಮೊದಲು ಬಟ್ಟೆಯ ಮೇಲೆ ಸೀಮೆಸುಣ್ಣ, ಆಮೇಲೆ ಕತ್ತರಿ ಎನ್ನುತ್ತ ಪ್ರತಿ ಮಗುವಿನ ಯೋಜನೆಯನ್ನೂ ಪೆನ್ಸಿಲಿನಲ್ಲೇ ಬರೆಸುತ್ತಿದ್ದರು.

ಈ ವರ್ಷ ಹಿಂದಿನ ಬೆಂಚಿನ ಬಾಯಿ ಸತ್ತ ಹುಡುಗಿಯೊಬ್ಬಳು ಬರೆದದ್ದನ್ನು ಓದಿ ಹಿರಿಹಿರಿ ಹಿಗ್ಗಿದರು. ‘ಅಮ್ಮನ ಬೆನ್ನಿನ ಎಕ್ಸ್‌ರೇಯನ್ನು ದಿನಾ ಕಿಟಕಿಗೆ ಹಿಡಿದು ನೋಡುತ್ತೇನೆ. ಎಕ್ಸ್‌ರೇ ತೆಗೆಯುವುದನ್ನೇ ಕಲಿಯುತ್ತೇನೆ. ಪಕ್ಕದ ಜಿಲ್ಲೆಯ ಕಾಲೇಜು, ಹಾಸ್ಟೆಲ್. ಸೀಟು ಸಿಕ್ಕ ಮೇಲೆ ಚಿಕ್ಕಮ್ಮನ ಕೈಲಿ ಅಪ್ಪನಿಗೆ ಹೇಳಿಸುತ್ತೇನೆ. ಅಲ್ಲಿಯವರೆಗೆ ಗುಟ್ಟು.’ ಅರ್ಜಿಯ ತಾರೀಖು, ಬಸ್ಸಿನ ಹೊತ್ತು ಎಲ್ಲ ಇತ್ತು.

ಪೋಷಕರ ಸಭೆಯಲ್ಲಿ ವರ್ಷದ ಒಳ್ಳೆಯ ಯೋಜನೆಯನ್ನು ಹೆಸರು ಹೇಳದೆ ಓದುವುದು ಮೇಡಂ ರೂಢಿ. ಗುಟ್ಟಿನ ಸಾಲನ್ನು ಜಾಣತನದಿಂದ ನುಂಗಿಕೊಂಡರು. ಅಮ್ಮನ ಬೆನ್ನಿನ ಸಾಲನ್ನು ಮಾತ್ರ ಓದಿಯೇಬಿಟ್ಟರು. ಕೇಳಿದವರ ಕಣ್ಣು ಒದ್ದೆಯಾಗಲಿ ಎಂಬ ಚಪಲ. ಬುದ್ಧಿಗೆ ಮಂಕು ಕವಿದಿತ್ತು ಎನ್ನದೆ ವಿಧಿಯಿಲ್ಲ.

ಸಭೆ ಮುಗಿದ ಮೇಲೆ ಬೇಕರಿಯಲ್ಲಿ ಬ್ರೆಡ್ ಸುಡುವವನೊಬ್ಬ ಮೇಜಿನ ಮುಂದೆ ಬಂದು ನಿಂತ. ಅಂಗಿಯ ತೋಳಿಗೆ ಹಿಟ್ಟು ಮೆತ್ತಿತ್ತು. ದನಿ ಏರಲಿಲ್ಲ.

“ಮೇಡಂ, ಅದು ನನ್ನ ಮಗಳು ಬರ್ದಿದ್ದು ತಾನೆ? ಕಳ್ಸೋಕೆ ನನಗೂ ಆಸೆನೇ. ಆದ್ರೆ ನಾನು ಬೆಳಗ್ಗೆ ನಾಲ್ಕು ಗಂಟೆಗೇ ಒಲೆ ಮುಂದೆ ಇರ್ಬೇಕು. ಅವಳು ಹೋದ್ರೆ ಅವರಮ್ಮನ್ನ ಎತ್ತಿ ಕೂರ್ಸೋರು ಯಾರು? ಚಿಕ್ಕಮ್ಮಂಗೆ ಅವಳ ಮನೇದೇ ಸಾಕಾಗಿದೆ. ನೀವೇ ಹೇಳಿ, ಮುಂದೇನು ಮಾಡ್ಲಿ?”

ಮೇಡಂ ಇಷ್ಟು ವರ್ಷ ಮಕ್ಕಳಿಗೆ ಕೇಳಿದ್ದ ಪ್ರಶ್ನೆ ಅವರ ಮೇಜಿಗೇ ಬಂದು ಕೂತಿತ್ತು. ತಾಯಿಯನ್ನು ನೋಡಿಕೊಳ್ಳುವವರು ಯಾರಾದರೂ ಸಿಕ್ಕಾರೆಂದು ಎರಡು ವಾರ ಆಸ್ಪತ್ರೆ, ಮಹಿಳಾ ಸಂಘ, ಹೆಡ್‌ಮಾಸ್ಟರರ ಕೋಣೆ ಅಲೆದರು. ಎಲ್ಲರೂ ಅಯ್ಯೋ ಪಾಪ ಎಂದರು, ಅಷ್ಟೇ.

ಅರ್ಜಿಯ ಕೊನೆಯ ದಿನ ಹುಡುಗಿ ಬಂದು ತನ್ನ ಹಾಳೆ ಕೇಳಿದಳು. ನಿಂತಲ್ಲೇ ರಬ್ಬರಿನಿಂದ ಒಂದೊಂದೇ ಸಾಲು ಅಳಿಸಿದಳು. ಮೇಡಂ ಅವಳ ಕೈ ಹಿಡಿದು ತಡೆಯಬಹುದಿತ್ತು, ತಡೆದು ಹೇಳುವುದೇನು?

“ಪೆನ್ಸಿಲಲ್ಲಿ ಬರ್ಸಿದ್ದು ಒಳ್ಳೇದಾಯ್ತು ಮೇಡಂ,” ಎಂದಳು ಹುಡುಗಿ, ಅವರನ್ನೇ ಸಮಾಧಾನ ಮಾಡುವವಳ ಹಾಗೆ. “ಪೂರ್ತಿ ಹೋಯ್ತು ನೋಡಿ.”

ಮೇಡಂ ಆ ಖಾಲಿ ಹಾಳೆಯನ್ನು ಉಳಿದವರ ಹಾಳೆಗಳ ಜೊತೆ ಫೈಲಿಗೆ ಸೇರಿಸಿದರು.